ಡಿಶ್‌ನಿಂದ ನೇರವಾಗಿ ಕಂಪ್ಯೂಟರಿಗೆ: ಉಪಗ್ರಹ ವಾಹಿನಿಗಳ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಶಿಕ್ಷಕ. ಮನೆಯ ಮೇಲೆ ಡಿಡಿ ಫ್ರೀ ಡಿಶ್‌ನ ಎರಡಡಿ ಡಿಶ್ ಇದೆ. ಚಂದನ ವಾಹಿನಿಯ ಸಂಗೀತ ಕಾರ್ಯಕ್ರಮಗಳು, ‘ಥಟ್ ಅಂತ ಹೇಳಿ’ ಮತ್ತು ಸ್ವಯಂಪ್ರಭಾ ಎಂಬ ಶೈಕ್ಷಣಿಕ ವಾಹಿನಿಗಳ ಪಾಠಗಳನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳುವ ಆಸೆ. ಸೆಟ್‌ಟಾಪ್ ಬಾಕ್ಸಿನ ಹಳದಿ, ಕೆಂಪು, ಬಿಳಿ ವೈರುಗಳನ್ನು ಹಳೆಯ ಟಿವಿ ಟ್ಯೂನರ್ ಕಾರ್ಡಿಗೆ ಜೋಡಿಸಿ ನೋಡಿದೆ. ಚಿತ್ರ ಮಸುಕಾಗಿದೆ, ಒಂದು ಗಂಟೆಯ ಫೈಲು 13 ಜಿಬಿ ಆಗುತ್ತಿದೆ. ಬೇರೆ ದಾರಿ ಇದೆಯೇ? ಮಗನ ಮನೆಯಲ್ಲಿರುವ ಪಾವತಿ ಡಿಟಿಎಚ್‌ಗೂ ಅದೇ ದಾರಿ ನಡೆಯುತ್ತದೆಯೇ? ಇದು ಕಾನೂನಿಗೆ ಸರಿಯೇ? ರೆಕಾರ್ಡ್ ಮಾಡಿದ ಪಾಠಗಳನ್ನು ಊರಿನ ಶಾಲೆಯ ಮಕ್ಕಳಿಗೆ ತೋರಿಸಬಹುದೇ?

ಉತ್ತರ: ಬೇರೆ ದಾರಿ ಖಂಡಿತ ಇದೆ; ಅದು ನೀವು ಹಿಡಿದ ದಾರಿಗಿಂತ ಸರಳವೂ ಹೌದು. ಸೆಟ್‌ಟಾಪ್ ಬಾಕ್ಸನ್ನು ಪೂರ್ತಿ ಬದಿಗಿಟ್ಟು, ಡಿಶ್‌ನಿಂದ ಬರುವ ಕೇಬಲನ್ನೇ ನೇರವಾಗಿ ಕಂಪ್ಯೂಟರಿಗೆ ತರಬೇಕು. ಅದಕ್ಕೆ ಬೇಕಾದದ್ದು ಉಪಗ್ರಹ ಸಂಕೇತವನ್ನು ಓದಬಲ್ಲ ಟ್ಯೂನರ್ ಮತ್ತು ಉಚಿತವಾಗಿ ಸಿಗುವ ಒಂದು ತಂತ್ರಾಂಶ, ಅಷ್ಟೇ. ಫ್ರೀ ಡಿಶ್ ವಾಹಿನಿಗಳ ಮಟ್ಟಿಗೆ ಇದು ನಿಜ. ಪಾವತಿ ಡಿಟಿಎಚ್‌ನ ಕಥೆ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಹಳೆಯ ಕಾರ್ಡಿನಲ್ಲಿ ಚಿತ್ರ ಏಕೆ ಕೆಡುತ್ತದೆ ಎಂಬುದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಸ್ಪಷ್ಟವಾಗುತ್ತದೆ. ದೂರದರ್ಶನದವರು ಕಾರ್ಯಕ್ರಮವನ್ನು ಉಪಗ್ರಹಕ್ಕೆ ಕಳಿಸುವ ಮೊದಲೇ ಅದನ್ನು ಎಂಪೆಗ್-2 ಅಥವಾ ಎಂಪೆಗ್-4 ವಿಧಾನದಲ್ಲಿ ಕುಗ್ಗಿಸಿ ಅಂಕಿಗಳ ರೂಪಕ್ಕೆ ತಂದಿರುತ್ತಾರೆ. ನಿಮ್ಮ ಸೆಟ್‌ಟಾಪ್ ಬಾಕ್ಸು ಆ ಅಂಕಿಗಳನ್ನು ಬಿಡಿಸಿ ಚಿತ್ರ ಮಾಡಿ, ಆ ಚಿತ್ರವನ್ನು ಹಳದಿ ವೈರಿನಲ್ಲಿ ಅನಲಾಗ್ ಸಂಕೇತವಾಗಿ ಹೊರಗೆ ಬಿಡುತ್ತದೆ. ಬಣ್ಣವೂ ಬೆಳಕೂ ಒಂದೇ ತಂತಿಯಲ್ಲಿ ಬೆರೆತು ಬರುವುದರಿಂದ ಅಂಚುಗಳು ಅಲ್ಲಿಯೇ ಮಸುಕಾಗುತ್ತವೆ. ನಿಮ್ಮ ಕಾರ್ಡು ಅದನ್ನು ಮತ್ತೆ ಅಂಕಿಗಳಾಗಿ ಮಾರ್ಪಡಿಸುತ್ತದೆ. ಗಂಟೆಗೆ 13 ಜಿಬಿ ಎಂಬ ಲೆಕ್ಕ ನೋಡಿದರೆ ನಿಮ್ಮ ತಂತ್ರಾಂಶ ಹೆಚ್ಚು ಕುಗ್ಗಿಸದ ಡಿವಿ ಮಾದರಿಯಲ್ಲಿ ಬರೆಯುತ್ತಿರಬೇಕು. ಅಂದರೆ ಗಂಟೆಗೆ ಒಂದು ಜಿಬಿಯಷ್ಟು ಮಾಹಿತಿಯಾಗಿ ಆಕಾಶದಿಂದ ಇಳಿದದ್ದು ಗುಣವನ್ನು ಕಳೆದುಕೊಂಡು, ಗಾತ್ರದಲ್ಲಿ ಹತ್ತು ಪಟ್ಟು ಬೆಳೆದು ಡಿಸ್ಕಿಗೆ ಸೇರುತ್ತಿದೆ. ನೇರ ದಾರಿಯಲ್ಲಿ ಈ ಯಾವ ಪರಿವರ್ತನೆಯೂ ಇಲ್ಲ. ಬಂದ ಅಂಕಿಗಳನ್ನು ಬಂದಂತೆಯೇ ಫೈಲಿಗೆ ಬರೆದಿಡುವುದೇ ರೆಕಾರ್ಡಿಂಗ್. ಕಂಪ್ಯೂಟರಿಗೆ ಇಲ್ಲಿ ಹೇಳಿಕೊಳ್ಳುವಂಥ ಕೆಲಸವೇ ಇಲ್ಲದ ಕಾರಣ, ಹತ್ತು ವರ್ಷ ಹಳೆಯ ಯಂತ್ರವೂ ಸಾಕು. ರೆಕಾರ್ಡಿಂಗಿನ ಗುಣ ತೀರ್ಮಾನವಾಗುವುದು ಮಾಳಿಗೆಯ ಮೇಲಿನ ಡಿಶ್, ಕೇಬಲ್ ಮತ್ತು ಟ್ಯೂನರ್‌ಗಳಲ್ಲಿ. ದುಡ್ಡನ್ನೂ ಗಮನವನ್ನೂ ಅಲ್ಲಿಗೇ ಹಾಕಿ.

ಆ ಅಂಕಿಗಳ ಹರಿವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುಂದೆ ತೊಂದರೆ ಬಂದಾಗ ಕಾರಣ ಹುಡುಕಲು ಅದೇ ಸಹಾಯಕ್ಕೆ ಬರುತ್ತದೆ. ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಎಂದು ಕರೆಯುವ ಈ ಹರಿವು 188 ಬೈಟ್‌ಗಳ ಪುಟ್ಟ ಪ್ಯಾಕೆಟ್‌ಗಳ ಸಾಲು. ಪ್ರತಿ ಪ್ಯಾಕೆಟಿನ ಮೊದಲ ಬೈಟ್ ಯಾವಾಗಲೂ 71. ಪ್ಯಾಕೆಟ್ ಎಲ್ಲಿ ಶುರುವಾಯಿತು ಎಂಬುದನ್ನು ಯಂತ್ರ ಗುರುತಿಸುವುದು ಇದರಿಂದಲೇ. ಅನಂತರ 0ಯಿಂದ 8191ರವರೆಗಿನ ಒಂದು ಸಂಖ್ಯೆ ಇರುತ್ತದೆ, ಅದಕ್ಕೆ ಪಿಐಡಿ ಎನ್ನುತ್ತಾರೆ. ಚಂದನದ ಚಿತ್ರಕ್ಕೆ ಒಂದು ಪಿಐಡಿ, ಧ್ವನಿಗೆ ಇನ್ನೊಂದು, ಪಕ್ಕದ ವಾಹಿನಿಗೆ ಮತ್ತೆರಡು. ಪಿಐಡಿ 0ಯಲ್ಲಿ ಯಾವ ಯಾವ ವಾಹಿನಿಗಳಿವೆ ಎಂಬ ಪಟ್ಟಿಯೂ, 18ರಲ್ಲಿ ಕಾರ್ಯಕ್ರಮಗಳ ವೇಳಾಪಟ್ಟಿಯೂ ಬರುತ್ತವೆ. ಇದಲ್ಲದೆ ಒಂದೊಂದು ಪಿಐಡಿಯ ಪ್ಯಾಕೆಟ್‌ಗಳಿಗೂ 0ಯಿಂದ 15ರವರೆಗೆ ಏರಿ ಮತ್ತೆ 0ಗೆ ಮರಳುವ ಸರಣಿ ಸಂಖ್ಯೆ ಇರುತ್ತದೆ. 6 ಆದ ಮೇಲೆ 9 ಬಂದರೆ ನಡುವೆ ಎರಡು ಪ್ಯಾಕೆಟ್ ಕಳೆದುಹೋಗಿವೆ ಎಂದರ್ಥ. ತಂತ್ರಾಂಶದಲ್ಲಿ ಕಂಟಿನ್ಯುಯಿಟಿ ಎರರ್ ಎಂದು ತೋರುವುದು ಇದನ್ನೇ. ಪರದೆಯ ಮೇಲೆ ಚೌಕ ಚೌಕವಾಗಿ ಒಡೆದ ಚಿತ್ರ ಮತ್ತು ಚಕ್ಕೆ ಹಾರಿದ ಧ್ವನಿ ಇದರ ಪರಿಣಾಮ.

ಟ್ರಾನ್ಸ್‌ಪಾಂಡರ್ ಎಂದರೆ ಉಪಗ್ರಹದಲ್ಲಿ ಸಂಕೇತವನ್ನು ಪಡೆದು ಮತ್ತೆ ಕೆಳಕ್ಕೆ ಕಳಿಸುವ ಘಟಕ. ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ ಹಲವು ವಾಹಿನಿಗಳು ಒಟ್ಟಿಗೆ ಬರುತ್ತವೆ ಎಂಬುದರಲ್ಲಿ ನಿಮಗೊಂದು ಲಾಭವಿದೆ. ಫ್ರೀ ಡಿಶ್‌ನವರು ಬಳಸುವ ಸಿಂಬಲ್ ರೇಟ್, ಅಂದರೆ ಸಂಕೇತ ಬದಲಾಗುವ ವೇಗ, ಸೆಕೆಂಡಿಗೆ 29500 ಸಾವಿರ. ಉಪಗ್ರಹ ಪ್ರಸಾರದ ಹಳೆಯ ಡಿವಿಬಿ-ಎಸ್ ವಿಧಾನದಲ್ಲಿ, 3/4 ತಪ್ಪು-ತಿದ್ದುಪಡಿಯ (ನಾಲ್ಕು ಬಿಟ್‌ಗಳಲ್ಲಿ ಮೂರು ಮಾತ್ರ ಮಾಹಿತಿ) ಲೆಕ್ಕದಲ್ಲಿ, ಅದು ಸೆಕೆಂಡಿಗೆ ಸುಮಾರು 40 ಮೆಗಾಬಿಟ್ ಆಗುತ್ತದೆ. ಒಂದೇ ಟ್ಯೂನರ್ ಈ ಇಡೀ ಹರಿವನ್ನು ಒಮ್ಮೆಗೇ ಓದುವುದರಿಂದ, ಅದೇ ಟ್ರಾನ್ಸ್‌ಪಾಂಡರ್‌ನಲ್ಲಿರುವ ಎರಡು ಮೂರು ವಾಹಿನಿಗಳನ್ನು ಏಕಕಾಲಕ್ಕೆ ಬೇರೆ ಬೇರೆ ಫೈಲುಗಳಿಗೆ ಬರೆಯಬಹುದು. ಹಲವು ಸ್ವಯಂಪ್ರಭಾ ವಾಹಿನಿಗಳು ಒಂದೇ ಕಡೆ ಸಿಗುವ ಟ್ರಾನ್ಸ್‌ಪಾಂಡರ್‌ನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪಾಠಗಳು ಒಂದೇ ಹೊತ್ತಿಗೆ ಬಂದರೂ ಎರಡನ್ನೂ ಉಳಿಸಿಕೊಳ್ಳಬಹುದು. ಬೇರೆ ಟ್ರಾನ್ಸ್‌ಪಾಂಡರ್‌ನಲ್ಲಿರುವ ಚಂದನವೂ ಅದೇ ಗಳಿಗೆಯಲ್ಲಿ ಬೇಕೆಂದರೆ ಮಾತ್ರ ಎರಡನೆಯ ಟ್ಯೂನರ್ ಬೇಕಾಗುತ್ತದೆ.

ಟ್ಯೂನರ್ ಕೊಳ್ಳುವಾಗ ನೋಡಬೇಕಾದದ್ದು ಒಂದೇ ಮಾತು: ಅದು ಹೊಸ ವಿಧಾನವಾದ ಡಿವಿಬಿ-ಎಸ್2 ಓದಬೇಕು. ಎಸ್2 ಓದುವ ಸಾಧನ ಹಳೆಯ ಎಸ್ ವಿಧಾನವನ್ನೂ ಓದುತ್ತದೆ. ಫ್ರೀ ಡಿಶ್‌ನಲ್ಲಿ ಎರಡೂ ಇವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೂ ಆನ್‌ಲೈನ್ ಅಂಗಡಿಗಳಲ್ಲೂ ‘ಟಿವಿ ಟ್ಯೂನರ್’ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ಪೆನ್‌ಡ್ರೈವ್ ಗಾತ್ರದ ಸಾಧನಗಳು ಬಹುತೇಕ ಡಿವಿಬಿ-ಟಿ (ನೆಲದ ಗೋಪುರದಿಂದ ಬರುವ ಪ್ರಸಾರ) ಅಥವಾ ಅನಲಾಗ್ ಕೇಬಲ್‌ಗೆ ಮಾಡಿದಂಥವು. ಅವುಗಳಿಗೆ ಡಿಶ್‌ನ ಕೇಬಲ್ ಜೋಡಿಸಿದರೆ ಏನೂ ಬರುವುದಿಲ್ಲ, ಡಿಶ್‌ನ ಮುಂದೆ ಕೂತು ಸಂಕೇತ ಹಿಡಿಯುವ ಎಲ್‌ಎನ್‌ಬಿಗೆ ವಿದ್ಯುತ್ತೂ ಹೋಗುವುದಿಲ್ಲ. ಟಿಬಿಎಸ್ ಕಂಪನಿಯ 6902 ಎಂಬ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿ ಎರಡು ಟ್ಯೂನರ್‌ಗಳಿವೆ. ಡೆಸ್ಕ್‌ಟಾಪ್ ಇರುವವರಿಗೆ ನಾನು ಹೇಳುವುದು ಅಂಥ ಕಾರ್ಡನ್ನೇ. ಲ್ಯಾಪ್‌ಟಾಪ್ ಆದರೆ ಯುಎಸ್‌ಬಿ ಮಾದರಿಯೇ ಗತಿ. ಆಗ ಅದಕ್ಕೆ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಇದೆಯೇ ಎಂದು ವಿಚಾರಿಸಿ. ಬರಿಯ ಯುಎಸ್‌ಬಿ ಶಕ್ತಿಯಿಂದ ಎಲ್‌ಎನ್‌ಬಿಯನ್ನು ನಡೆಸಲು ಹೊರಟ ಸಾಧನಗಳು ನಂಬಿಕೆಗೆ ಅರ್ಹವಲ್ಲ. ಟ್ಯೂನರ್ ಕೇಬಲಿನ ಮೂಲಕವೇ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕೊಡಬೇಕು. 13 ಕೊಟ್ಟರೆ ವರ್ಟಿಕಲ್ (ಲಂಬವಾಗಿ ಕಂಪಿಸುವ) ಸಂಕೇತಗಳು, 18 ಕೊಟ್ಟರೆ ಹಾರಿಜಾಂಟಲ್ (ಅಡ್ಡಲಾಗಿ ಕಂಪಿಸುವ) ಸಂಕೇತಗಳು ಇಳಿಯುತ್ತವೆ.

ಇನ್ನು ಡಿಶ್. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಏರಿಯಾನ್-5 ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಸಾಗರದಿಂದ ನೋಡಿದರೆ ಅದು ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 126 ಡಿಗ್ರಿಯಲ್ಲಿ, ಅಂದರೆ ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ನಿಮ್ಮ ಡಿಶ್ ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣದಿದ್ದರೆ ಗಾಬರಿಯಾಗಬೇಡಿ. ನಮ್ಮಲ್ಲಿ ಬಳಸುವ ಆಫ್‌ಸೆಟ್ ಡಿಶ್‌ಗಳ ಮುಖ, ಅವು ನಿಜವಾಗಿ ನೋಡುವ ದಿಕ್ಕಿಗಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಕೆಳಗೆ ಬಾಗಿರುತ್ತದೆ. ಈ ಎತ್ತರದಿಂದ ಆಗುವ ಅನುಕೂಲವೆಂದರೆ, ಅಡಿಕೆ ತೋಟದ ನಡುವಿನ ಮನೆಗೂ ಮರಗಳ ಅಡ್ಡಿ ಸುಲಭವಾಗಿ ತಪ್ಪುತ್ತದೆ.

ಟಿವಿ ನೋಡುವುದಕ್ಕೆ ಎರಡಡಿ ಡಿಶ್ ಸಾಕು. ರೆಕಾರ್ಡಿಂಗಿಗೆ, ಅದರಲ್ಲೂ ಮಲೆನಾಡಿನಲ್ಲಿ, ಸಾಲದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಡಿಟಿಎಚ್ ಪ್ರಸಾರಕ್ಕೆ ಬಳಸುವ ಕೆಯು ಬ್ಯಾಂಡಿನ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ ಮಳೆಹನಿಗಳು ಅವನ್ನು ಹೀರಿ ಚದುರಿಸುತ್ತವೆ. ಜುಲೈ ತಿಂಗಳ ಸಾಗರದ ಮಳೆ ಎಂಥದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಡಿಜಿಟಲ್ ಸಂಕೇತದ ಗುಣವೇ ಹಾಗೆ: ಅದು ಮೆಲ್ಲಗೆ ಮಂಕಾಗುವುದಿಲ್ಲ, ಒಂದು ಮಿತಿಯವರೆಗೆ ಪರಿಪೂರ್ಣವಾಗಿದ್ದು ಅನಂತರ ಒಮ್ಮೆಲೇ ಕುಸಿಯುತ್ತದೆ. ನೋಡುವಾಗ ಎರಡು ಸೆಕೆಂಡಿನ ಕಡಿತವನ್ನು ಮರೆತುಬಿಡುತ್ತೇವೆ, ಆದರೆ ಇಟ್ಟುಕೊಂಡ ರೆಕಾರ್ಡಿಂಗಿನಲ್ಲಿ ಆಲಾಪನೆಯ ನಡುವೆ ಬಿದ್ದ ಅದೇ ಕಡಿತ ಕೇಳಿದಾಗಲೆಲ್ಲ ಚುಚ್ಚುತ್ತದೆ. 75 ಅಥವಾ 90 ಸೆಂಟಿಮೀಟರಿನ ಡಿಶ್ ಹಾಕಿಸಿದರೆ ಮಿತಿಗೂ ನಿತ್ಯದ ಸಂಕೇತಕ್ಕೂ ನಡುವಿನ ಅಂತರ ಹೆಚ್ಚುತ್ತದೆ. 60ರಿಂದ 90ಕ್ಕೆ ಹೋದಾಗ ಸಂಕೇತ ಹಿಡಿಯುವ ವಿಸ್ತೀರ್ಣ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಧಾರಾಕಾರ ಮಳೆಗೆ ಅದೂ ಸೋಲಬಹುದು, ಆದರೆ ಸಾಧಾರಣ ಮಳೆಗೆ ಸೋಲುವುದಿಲ್ಲ. ಇದಲ್ಲದೆ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಸೂರ್ಯ ಉಪಗ್ರಹದ ನೇರ ಹಿಂದೆ ಬರುವುದರಿಂದ ಕೆಲವು ದಿನ ಬೆಳಗ್ಗೆ 11ರ ಆಸುಪಾಸಿನಲ್ಲಿ ಕೆಲವು ನಿಮಿಷ ಸಂಕೇತ ಕೆಡುತ್ತದೆ. ಅದಕ್ಕೆ ಮದ್ದಿಲ್ಲ, ಆ ಹೊತ್ತಿನ ಪಾಠವನ್ನು ಮರುಪ್ರಸಾರದಲ್ಲಿ ಹಿಡಿದುಕೊಳ್ಳಿ.

ಟಿವಿಯೂ ನಡೆಯಬೇಕು, ಕಂಪ್ಯೂಟರೂ ನಡೆಯಬೇಕು ಎನ್ನುವವರಿಗೆ ಸಾಮಾನ್ಯವಾಗಿ ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿಸಿಕೊಳ್ಳಿ ಎನ್ನುತ್ತಾರೆ. ಅದು ಸರಿಯಾದ ಸಲಹೆಯೇ. ಆದರೆ ಫ್ರೀ ಡಿಶ್ ಮಟ್ಟಿಗೆ ಇನ್ನೂ ಅಗ್ಗದ ದಾರಿಯಿದೆ. ಅದರ ಸಂಕೇತಗಳು ವರ್ಟಿಕಲ್ ಧ್ರುವೀಕರಣದಲ್ಲಿ, 11700 ಮೆಗಾಹರ್ಟ್ಸ್‌ಗಿಂತ ಕೆಳಗಿನ ಪಟ್ಟಿಯಲ್ಲೇ ಬರುವುದರಿಂದ ಬಾಕ್ಸು ಮತ್ತು ಟ್ಯೂನರ್ ಎರಡೂ ಎಲ್‌ಎನ್‌ಬಿಯಿಂದ ಕೇಳುವುದು ಒಂದನ್ನೇ: 13 ವೋಲ್ಟ್; ಮೇಲಿನ ಪಟ್ಟಿಗೆ ಬದಲಾಗು ಎಂದು ಹೇಳುವ 22 ಕಿಲೋಹರ್ಟ್ಸ್ ಟೋನ್ ಬೇಡ. ಬೇಡಿಕೆಯಲ್ಲಿ ಜಗಳವಿಲ್ಲದ ಕಾರಣ ಒಂದೇ ಕೇಬಲನ್ನು ಸ್ಪ್ಲಿಟರ್ ಹಾಕಿ ಒಡೆಯಬಹುದು. ಆ ಸ್ಪ್ಲಿಟರ್ 950ರಿಂದ 2150 ಮೆಗಾಹರ್ಟ್ಸ್ ವ್ಯಾಪ್ತಿಯದಾಗಿದ್ದು, ಎರಡೂ ಬಾಯಿಗಳಲ್ಲಿ ವಿದ್ಯುತ್ತನ್ನು ಡಯೋಡಿನ ಮೂಲಕ ಒಂದೇ ದಿಕ್ಕಿಗೆ ಬಿಡುವಂಥದ್ದಾಗಿರಬೇಕು. ಕೇಬಲ್ ಟಿವಿಯವರು ಹಾಕುವ, 1000 ಮೆಗಾಹರ್ಟ್ಸ್‌ಗೆ ನಿಲ್ಲುವ ಸ್ಪ್ಲಿಟರ್ ಇಲ್ಲಿ ಕೆಲಸಕ್ಕೆ ಬಾರದು. ಕೇಬಲ್ ಆರ್‌ಜಿ-6 ಇರಲಿ, ನಡುವೆ ಗಂಟು ಹಾಕಿದ ಜೋಡಣೆ ಬೇಡ. ತುದಿಯ ಎಫ್ ಕನೆಕ್ಟರ್‌ನಲ್ಲಿ ಹೊರಜಾಲರಿಯ ಒಂದು ಎಳೆಯೂ ನಡುತಂತಿಗೆ ತಾಗಿರಬಾರದು. ‘ಸಿಗ್ನಲ್ ಇಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಆ ಒಂದು ಎಳೆಯಿಂದ ಬಂದವು. ಸಿಡಿಲಿನ ದಿನಗಳಲ್ಲಿ ಕೇಬಲನ್ನು ಕಳಚಿಡಿ. ಸೆಟ್‌ಟಾಪ್ ಬಾಕ್ಸು ಸುಟ್ಟರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಹೋಗುತ್ತದೆ. ಕಾರ್ಡಿನ ಮೂಲಕ ಸಿಡಿಲು ಒಳಗೆ ಬಂದರೆ ಕಂಪ್ಯೂಟರೇ ಹೋಗುತ್ತದೆ.

ತಂತ್ರಾಂಶದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ವಿಂಡೋಸ್ ಆದರೆ ಉಚಿತವಾದ ನೆಕ್ಸ್ಟ್‌ಪಿವಿಆರ್ ಅಥವಾ ದುಡ್ಡು ಕೊಟ್ಟು ಪಡೆಯುವ ಡಿವಿಬಿವ್ಯೂವರ್. ಲಿನಕ್ಸ್ ಆದರೆ ಟಿವಿಹೆಡೆಂಡ್. ನನ್ನ ಒಲವು ಟಿವಿಹೆಡೆಂಡ್ ಕಡೆಗೆ, ಏಕೆಂದರೆ ಪ್ರತಿ ರೆಕಾರ್ಡಿಂಗ್ ಮುಗಿದ ಮೇಲೆ ಅದರಲ್ಲಿ ಎಷ್ಟು ದೋಷಗಳಾದವು ಎಂದು ತೋರಿಸುತ್ತದೆ. ದೋಷ ಸೊನ್ನೆ ಇದ್ದ ಫೈಲನ್ನು ಕೂತು ಪರೀಕ್ಷಿಸುವ ಅಗತ್ಯವೇ ಇಲ್ಲ. ಜೊತೆಗೆ ಅದು ಯುಎಸ್‌ಬಿ ಟ್ಯೂನರ್ ಹಾಕಿದ ರಾಸ್ಪ್‌ಬೆರಿ ಪೈ ಮೇಲೂ ನಡೆಯುವುದರಿಂದ, ಇಡೀ ದಿನ ಡೆಸ್ಕ್‌ಟಾಪ್ ಉರಿಸುವ ಕರೆಂಟ್ ಬಿಲ್ ಉಳಿಯುತ್ತದೆ. ಮೊದಲ ಬಾರಿ ವಾಹಿನಿಗಳನ್ನು ಹುಡುಕಿಸುವಾಗ ಎಲ್‌ಎನ್‌ಬಿ ಮಾದರಿ ಯೂನಿವರ್ಸಲ್, ಅಂದರೆ 9750 ಮತ್ತು 10600 ಎಂದು ಕೊಡಿ. ಉದಾಹರಣೆಗೆ 11090 ಮೆಗಾಹರ್ಟ್ಸ್‌ನ ಸಂಕೇತದಿಂದ ಎಲ್‌ಎನ್‌ಬಿ 9750ನ್ನು ಕಳೆದು 1340 ಮೆಗಾಹರ್ಟ್ಸ್ ಆಗಿ ಕೇಬಲಿನಲ್ಲಿ ಕಳಿಸುತ್ತದೆ. ಈ ಕಳೆಯುವ ಸಂಖ್ಯೆ ತಪ್ಪಾದರೆ ಟ್ಯೂನರ್ ಖಾಲಿ ಜಾಗದಲ್ಲಿ ಹುಡುಕಾಡುತ್ತದೆ. ಫ್ರೀ ಡಿಶ್‌ನಲ್ಲಿ ವಾಹಿನಿಗಳು ಆಗಾಗ ಸ್ಥಾನ ಬದಲಿಸುತ್ತವೆ. ಇದ್ದಕ್ಕಿದ್ದಂತೆ ರೆಕಾರ್ಡಿಂಗ್ ಖಾಲಿ ಬಂದರೆ ಕಾರ್ಡನ್ನು ಬೈಯುವ ಮುನ್ನ ಮರುಹುಡುಕಾಟ ಮಾಡಿಸಿ.

ಪ್ರಸಾರದ ಜೊತೆ ಬರುವ ವೇಳಾಪಟ್ಟಿಯನ್ನೇ ನಂಬಿ ಟೈಮರ್ ಇಡಬೇಡಿ. ವಾಹಿನಿ, ವಾರ, ಸಮಯ ಎಂದು ನೀವೇ ಕೈಯಾರೆ ತುಂಬಿ. ಆರಂಭಕ್ಕೆ ಐದು ನಿಮಿಷ, ಕೊನೆಗೆ ಹತ್ತು ನಿಮಿಷ ಹೆಚ್ಚುವರಿ ಇರಲಿ. ನೇರಪ್ರಸಾರವೊಂದು ಎಳೆದುಕೊಂಡು ಹೋದರೆ ಮುಂದಿನ ಕಾರ್ಯಕ್ರಮಗಳೆಲ್ಲ ಸರಿಯುತ್ತವೆ, ಕ್ವಿಜ್‌ನ ಕೊನೆಯ ಸುತ್ತು ತಪ್ಪಿಹೋಗುತ್ತದೆ. ಕಂಪ್ಯೂಟರ್ ನಿದ್ರೆಯಿಂದ ತಾನೇ ಎದ್ದು ರೆಕಾರ್ಡ್ ಮಾಡಬೇಕಾದರೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ವೇಕ್ ಟೈಮರ್‌ಗೆ ಅನುಮತಿ ಕೊಟ್ಟಿರಬೇಕು. ಯುಪಿಎಸ್ ಇಲ್ಲದೆ ಹಳ್ಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅದೃಷ್ಟವಶಾತ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮನ್ನು ಬಂದಂತೆ ಬರೆದ ಟಿಎಸ್ ಫೈಲು ನಡುವೆ ಕಡಿದರೂ ಅಲ್ಲಿಯವರೆಗಿನ ಭಾಗ ಸರಿಯಾಗಿಯೇ ಓಡುತ್ತದೆ; ಎಂಪಿ4 ಆಗಿದ್ದರೆ ಅರ್ಧಕ್ಕೆ ನಿಂತ ಫೈಲು ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ರೆಕಾರ್ಡ್ ಮಾಡುವಾಗ ಟಿಎಸ್ ರೂಪವನ್ನೇ ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು.

ಜಾಗದ ಲೆಕ್ಕ: ಎಸ್‌ಡಿ ವಾಹಿನಿ ಸೆಕೆಂಡಿಗೆ ಎರಡೂವರೆ ಮೆಗಾಬಿಟ್ ಇದ್ದರೆ ಗಂಟೆಗೆ 1.1 ಜಿಬಿ, ಎಚ್‌ಡಿ ವಾಹಿನಿ 8 ಮೆಗಾಬಿಟ್ ಇದ್ದರೆ 3.6 ಜಿಬಿ. ಒಂದು ಟಿಬಿ ಡಿಸ್ಕಿನಲ್ಲಿ ಸುಮಾರು 900 ಗಂಟೆಗಳ ಎಸ್‌ಡಿ ಕಾರ್ಯಕ್ರಮ ಹಿಡಿಯುತ್ತದೆ. ನಾಲ್ಕು ಜಿಬಿಗೆ ಫೈಲು ತುಂಡಾಗುತ್ತಿದ್ದರೆ ಅದು ಫ್ಯಾಟ್32 ರೂಪದ ಮಿತಿ. ಡಿಸ್ಕನ್ನು ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಜಾಹೀರಾತು, ಆಚೀಚಿನ ಹೆಚ್ಚುವರಿ ನಿಮಿಷಗಳನ್ನು ಕತ್ತರಿಸಲು ಅವಿಡೆಮಕ್ಸ್ ಎಂಬ ವಿಡಿಯೊ ಕತ್ತರಿಸುವ ತಂತ್ರಾಂಶದಲ್ಲಿ ‘ಕಾಪಿ’ ಆಯ್ಕೆ ಬಳಸಿ, ಮರು-ಎನ್‌ಕೋಡ್ ಮಾಡಬೇಡಿ. ಕತ್ತರಿ ಪೂರ್ಣ ಚಿತ್ರವಿರುವ ಫ್ರೇಮಿನ ಮೇಲೆ ಮಾತ್ರ ಬೀಳುವುದರಿಂದ ಅರ್ಧ ಸೆಕೆಂಡ್ ಆಚೀಚೆ ಆಗಬಹುದು, ಅಷ್ಟೇ ನಷ್ಟ. ಆಡುವವರ ಕೈಗಳ ಸುತ್ತ ಬಾಚಣಿಗೆಯ ಹಲ್ಲುಗಳಂಥ ಗೆರೆಗಳು ಕಂಡರೆ ಅದು ದೋಷವಲ್ಲ, 576 ಗೆರೆಗಳನ್ನು ಎರಡು ಕಂತಿನಲ್ಲಿ ಕಳಿಸುವ ಇಂಟರ್‌ಲೇಸ್ ಪದ್ಧತಿ. ವಿಎಲ್‌ಸಿಯಲ್ಲಿ ಡಿ ಕೀಲಿ ಒತ್ತಿದರೆ ಹೋಗುತ್ತದೆ. ಎಂದೋ ಒಮ್ಮೆ ಪ್ಲೇಯರ್ ಒಂದು ಗಂಟೆಯ ಫೈಲನ್ನು 26 ಗಂಟೆಯದೆಂದು ತೋರಿಸಿದರೆ ಅದಕ್ಕೂ ಕಾರಣವಿದೆ. ಸ್ಟ್ರೀಮಿನೊಳಗಿನ ಗಡಿಯಾರ 33 ಬಿಟ್‌ಗಳದು. ಸುಮಾರು ಇಪ್ಪತ್ತಾರೂವರೆ ಗಂಟೆಗೊಮ್ಮೆ ಸೊನ್ನೆಗೆ ಮರಳುತ್ತದೆ, ನಿಮ್ಮ ಕಾರ್ಯಕ್ರಮದ ನಡುವೆಯೇ ಆ ಗಳಿಗೆ ಬಂದಿರುತ್ತದೆ.

ಮಗನ ಮನೆಯ ಪಾವತಿ ಡಿಟಿಎಚ್‌ಗೆ ಈ ದಾರಿ ನಡೆಯುವುದಿಲ್ಲ. ಟಾಟಾ ಪ್ಲೇ, ಏರ್‌ಟೆಲ್, ಡಿಶ್ ಟಿವಿ, ಸನ್ ಡೈರೆಕ್ಟ್ ಯಾವುದೇ ಇರಲಿ, ಅಂಕಿಗಳ ಹರಿವು ಟ್ಯೂನರ್‌ಗೆ ಸಿಗುತ್ತದೆ, ಆದರೆ ಪಾವತಿ ವಾಹಿನಿಗಳ ಚಿತ್ರ ಮತ್ತು ಧ್ವನಿಯ ಪ್ಯಾಕೆಟ್‌ಗಳಿಗೆ ಬೀಗ ಹಾಕಿರುತ್ತದೆ. ಬೀಗದ ಕೈ ಅವರ ಬಾಕ್ಸಿನಲ್ಲಿ ಮಾತ್ರ ಇರುತ್ತದೆ. ಎಚ್‌ಡಿಎಂಐ ಬಾಯಿಯಿಂದ ಹಿಡಿಯಲು ಹೋದರೆ ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆಯಿಂದಾಗಿ ಕಪ್ಪು ಪರದೆ ಬರುತ್ತದೆ. ರೆಕಾರ್ಡಿಂಗ್ ಸೌಲಭ್ಯವಿರುವ ಬಾಕ್ಸನ್ನು ಕಂಪನಿಯಿಂದಲೇ ಪಡೆಯುವುದು ನೇರವಾದ ಮಾರ್ಗ. ಆದರೆ ಅದರಲ್ಲಿ ಉಳಿಸಿದ್ದು ಸಾಮಾನ್ಯವಾಗಿ ಆ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ, ಕಂಪ್ಯೂಟರಿಗೆ ಬರುವುದಿಲ್ಲ. ಬೀಗ ಒಡೆಯುವ ಸರ್ವರ್, ಕೀಲಿ ಹಂಚಿಕೆ ಎಂದೆಲ್ಲ ಜಾಹೀರಾತು ಮಾಡುವವರ ಹತ್ತಿರ ಸುಳಿಯಬೇಡಿ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸುವುದು, ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸವಾಗಬಹುದಾದ ಅಪರಾಧ.

ಬೀಗವಿಲ್ಲದ ವಾಹಿನಿಯನ್ನು ನಿಮಗಾಗಿ ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ಮಾತ್ರ ಕಾನೂನು ಅಡ್ಡ ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಸಾರ ಸಂಸ್ಥೆಗಳಿಗೆ 25 ವರ್ಷಗಳ ಪ್ರಸಾರ ಹಕ್ಕನ್ನು ಕೊಡುತ್ತದೆ. ಆದರೆ ಅದೇ ಕಾಯ್ದೆಯ 39ನೆಯ ಕಲಮು, ರೆಕಾರ್ಡ್ ಮಾಡುವವನ ಖಾಸಗಿ ಬಳಕೆಗಾಗಲಿ, ಪ್ರಾಮಾಣಿಕವಾದ ಬೋಧನೆ ಅಥವಾ ಸಂಶೋಧನೆಗೆ ಮಾತ್ರವೇ ಆಗಲಿ ಮಾಡಿಕೊಂಡ ಧ್ವನಿ ಮತ್ತು ದೃಶ್ಯ ಮುದ್ರಣ ಆ ಹಕ್ಕಿನ ಉಲ್ಲಂಘನೆಯಲ್ಲ ಎನ್ನುತ್ತದೆ. ನೀವು ಹಿಡಿದ ಸ್ವಯಂಪ್ರಭಾ ಪಾಠವನ್ನು ಶಾಲೆಯ ತರಗತಿಯಲ್ಲಿ ಪಾಠದ ಭಾಗವಾಗಿ ತೋರಿಸಲು ನನಗೆ ಅಡ್ಡಿ ಕಾಣುವುದಿಲ್ಲ. ಚಂದನದ ಸಂಗೀತ ಕಛೇರಿಯನ್ನು ನಿಮ್ಮ ಯೂಟ್ಯೂಬ್ ವಾಹಿನಿಗೆ ಏರಿಸುವುದು ಅಥವಾ ಊರಿನ ಉತ್ಸವದಲ್ಲಿ ಪರದೆ ಕಟ್ಟಿ ತೋರಿಸುವುದು ಬೇರೆಯೇ ಮಾತು. ಅಲ್ಲಿ ಪ್ರಸಾರಕರ ಹಕ್ಕಿನ ಜೊತೆಗೆ ಕಲಾವಿದರ ಹಕ್ಕೂ ಸೇರುತ್ತದೆ, ಅನುಮತಿ ಪಡೆಯದೆ ಮಾಡಬೇಡಿ. ಕಾರ್ಡು ಕೊಳ್ಳುವ ಮೊದಲು ನಿಮಗೆ ಬೇಕಾದ ಕಾರ್ಯಕ್ರಮ ಚಂದನದ ಅಧಿಕೃತ ಯೂಟ್ಯೂಬ್ ಪುಟದಲ್ಲಿ ಈಗಾಗಲೇ ಇದೆಯೇ ಎಂದೂ ನೋಡಿ. ಕ್ವಿಜ್‌ಗಳು ಅಲ್ಲಿ ಹೇರಳವಾಗಿ ಸಿಗುತ್ತವೆ, ಹಾಗಿದ್ದರೆ ನಿಮ್ಮ ಡಿಸ್ಕನ್ನು ಸಂಗೀತಕ್ಕೂ ಪಾಠಗಳಿಗೂ ಮೀಸಲಿಡಬಹುದು.